ಹೆಪ್ಪುಗಟ್ಟಿದ ಕಡಲಿನ ಮೇಲೆ

ಅಥವಾ ಅಮ್ಮ ಅಂದು ಸೀರೆಯನ್ನೇ ಉಟ್ಟಿರಲಿಲ್ಲವೋ ಏನೋ. ಈಗ ಸೀಮೆಎಣ್ಣೆಯ ವಾಸನೆ ಬಂದರೆ ಸಾಕು, ನೆನಪು ಅವಳಿಗೆ ಉಣ್ಣೆಯ ಕೋಟಿನಡಿ ಹಸಿರು ಸೀರೆ ಉಡಿಸಿಬಿಡುತ್ತದೆ. ಎಪ್ಪತ್ತರ ದಶಕದ ಚಳಿಗಾಲ. ನಾವಾಗ ಜರ್ಮನಿಯಲ್ಲಿದ್ದೆವು; ಕೆಮ್ಮು ವಾಸಿಯಾಗಲೆಂದು ನನ್ನನ್ನು ಉತ್ತರದ ದ್ವೀಪವೊಂದರ ಮಕ್ಕಳ ಆರೋಗ್ಯಧಾಮದಲ್ಲಿ ಬಿಟ್ಟಿದ್ದರು. ಅಮ್ಮ ಕರೆದೊಯ್ಯಲು ಬಂದಾಗ ಕಡಲು ಹೆಪ್ಪುಗಟ್ಟಿ ದೋಣಿಗಳು ನಿಂತವು. ಬ್ರೆಡ್ ತಂದಿದ್ದ, ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿದ್ದ ಹೆಲಿಕಾಪ್ಟರ್ ಮರಳುವಾಗ ನಮ್ಮನ್ನೂ ಹತ್ತಿಸಿಕೊಂಡಿತು. ಕೆಳಗೆ ಮನೆಯಿಲ್ಲ, ಮರವಿಲ್ಲ, ಬರೀ ಒಡಕು ಮಂಜುಗಡ್ಡೆ.

"ಅಪ್ಪ ಇರೋ ಗ್ರೀನ್‌ಲ್ಯಾಂಡಿನ ಹಿಮನದಿ ಹೀಗೇ ಇರತ್ತಾ?" ಕಿರುಚಿ ಕೇಳಿದೆ.

"ಇನ್ನೂ ದೊಡ್ಡದಂತೆ. ಅದನ್ನ ಅಳೀತಾ ಕೂತೋರಿಗೆ ಮನೆ ಎಲ್ಲಿ ನೆನಪಾಗತ್ತೆ!"

ಆಮೇಲೆ ಅಮ್ಮ ಕಿಟಕಿಗೆ ಹಣೆಯೊತ್ತಿ ಏನನ್ನೋ ಕೂಗಿದಳು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದವಳು ಅವಳು. ಎಂಜಿನ್ನಿನ ಆ ಅಬ್ಬರದಲ್ಲಿ ಕೂಗಿದ್ದು ಅದನ್ನೇ ಇರಬಹುದೇ? ನನಗೆ ಗೊತ್ತಿಲ್ಲ.