ಗಾಜಿಗೆ ಬಳಿದ ಸುಣ್ಣ

ಹಸಿ ಸುಣ್ಣದ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನ್ನ ಬಲಗೈ ತಾನಾಗಿ ಮುಷ್ಟಿಯಾಗುತ್ತದೆ.

ಎಪ್ಪತ್ತರ ದಶಕದಲ್ಲಿ ಯಲಹಂಕದ ನಮ್ಮ ಬೀದಿಯ ಕೊನೆಗೆ ಹಳೆಯ ಕಾಲದ ಗಾಜಿನ ಮನೆಯೊಂದಿತ್ತು. ಒಳಗೆ ಕಾಲಿಟ್ಟರೆ ಒದ್ದೆ ಮಣ್ಣಿನ ತಂಪು, ತಲೆಯ ಮೇಲೆ ತೂಗುವ ಜರಿಗಿಡಗಳು. ಅದನ್ನು ಉಳಿಸಿಕೊಂಡು ಬಂದವರು ಸುತ್ತಲಿನ ಮನೆಯವರೇ. ಬೇಸಿಗೆಗೆ ಮೊದಲು ಎಲ್ಲರೂ ಸೇರಿ ಗಾಜಿಗೆ ಹೊರಗಿನಿಂದ ತೆಳ್ಳಗೆ ಸುಣ್ಣ ಬಳಿಯುತ್ತಿದ್ದರು. ಬಿಸಿಲು ಅದರಲ್ಲಿ ಸೋಸಿಕೊಂಡು ಹಾಲಿನಂತೆ ಒಳಗಿಳಿಯುತ್ತಿತ್ತು. ಮಳೆ ಬಂದಾಗ ಸುಣ್ಣ ತಾನೇ ತೊಳೆದುಹೋಗುತ್ತಿತ್ತು.

ಗಿಡಕ್ಕೆ ಬಿಸಿಲೇ ಊಟ ಎಂದು ಶಾಲೆಯಲ್ಲಿ ಕಲಿತಿದ್ದ ನಾನು, ಅಜ್ಜಿ ಅಲ್ಲಿ ಬೆಳೆಸುತ್ತಿದ್ದ ಜರಿಗಿಡಕ್ಕೆಂದು ಒದ್ದೆ ಅಂಗೈಯಿಂದ ಒಂದು ಕಡೆ ಸುಣ್ಣ ಒರೆಸಿದೆ. ವಾರದೊಳಗೆ ಅದರ ಎಲೆಗಳು ಸುಟ್ಟ ಕಾಗದದಂತಾದವು.

ಆ ಮಧ್ಯಾಹ್ನ ಬೀದಿಯವರೆಲ್ಲ ಅಲ್ಲಿ ಸೇರಿದರು. ಸುಣ್ಣದ ಕೆಲಸದ ಉಸ್ತುವಾರಿ ಖಾದರ್ ಸಾಬರದು. "ಯಾರ್ ಕಣ್ರೀ ಇದನ್ನ ಒರ್ಸಿದ್ದು?" ಎಂದು ಕೇಳಿದರು.

ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. "ನಾನೇ ಕಣಪ್ಪಾ. ಗಿಡ ಹೆಂಗಿದೆ ಅಂತ ಹೊರಗಿಂದ ನೋಡ್ಬೇಕಿತ್ತು."

"ಇಷ್ಟ್ ವರ್ಷ ಗಿಡ ಸಾಕಿದೋರು ನೀವೇ ಹಿಂಗ್ ಮಾಡಿದ್ರೆ ಹೆಂಗಮ್ಮಾ?" ಎಂದು ಪಕ್ಕದ ಮನೆಯಾಕೆ ಚುಚ್ಚಿದರು. ಅಜ್ಜಿ ತಲೆ ತಗ್ಗಿಸಿದರು.

ಸಾಬರು ಸುಣ್ಣ ಒರೆಸಿದ ಕಡೆ ಮೂಡಿದ್ದ ಅಂಗೈ ಗುರುತಿಗೆ ತಮ್ಮ ಅಂಗೈ ಇಟ್ಟು ನೋಡಿ ನಕ್ಕರು. "ಅಮ್ಮಾ, ನಿಮ್ ಕೈ ಇಷ್ಟ್ ಚಿಕ್ಕದಾ? ಏನೋ ಮಗಾ, ಅಜ್ಜಿನೇ ಒರ್ಸಿದ್ದಾ?"

ಎಲ್ಲರೂ ನನ್ನತ್ತ ತಿರುಗಿದರು. ಸಾಬರ ಮುಖದಲ್ಲಿ ನಗು ಇನ್ನೂ ಇತ್ತು.

"ಹೌದು, ಅಜ್ಜಿನೇ," ಎಂದೆ.