ಇಂದಿನ ಊಟದ ದಾನಿಗಳು

ಕುಷ್ಠರೋಗಿಗಳ ಆ ಆಶ್ರಮದಲ್ಲಿ ದಾನಿಗಳಿಗೆ ಕೈಮುಗಿಯದೆ ಯಾರೂ ಅನ್ನ ಮುಟ್ಟುವಂತಿರಲಿಲ್ಲ. ಮೊದಲು ಕರಿಹಲಗೆಯ ಮೇಲೆ ಹೆಸರಷ್ಟೇ ಬರೆಯುತ್ತಿದ್ದರು. ಸತ್ತವರ ನೆನಪಿಗೆ ಊಟ ಹಾಕಿಸುವವರು ಅವರ ಫೋಟೊವನ್ನೂ ಕಳಿಸಲಿ ಎಂದವಳು ಹೊಸದಾಗಿ ಬಂದ ಮೇಲ್ವಿಚಾರಕಿ.

ಅಂದು ಪಾಯಸದ ಊಟ. ಮೇಜಿನ ಮೇಲೆ ಗಂಧದ ಹಾರ ಹಾಕಿದ ಹುಡುಗಿಯೊಬ್ಬಳ ಫೋಟೊ. ಊಟ ಕೊಟ್ಟ ಅವಳ ಅಣ್ಣ ಗೇಟಿನಾಚೆ ಕಾರಿನಲ್ಲೇ ಕುಳಿತಿದ್ದರು.

ಎಲ್ಲರೂ ಕೈಮುಗಿದು ಸತ್ತವಳ ಆತ್ಮಕ್ಕೆ ಶಾಂತಿ ಕೋರಿದರು. ಎಲ್ಲರಿಗೂ ಬರಿಯ ಅಜ್ಜಿಯಾಗಿದ್ದ ಮುದುಕಿಯೊಬ್ಬಳು ಮಾತ್ರ ಕೈಗಳನ್ನು ಸೆರಗಿನಿಂದ ಹೊರತೆಗೆಯಲಿಲ್ಲ.

ಮೇಲ್ವಿಚಾರಕಿಗೆ ರೇಗಿತು. “ಯಾಕಜ್ಜಿ, ಪಾಯಸ ಬೇಕು, ಪ್ರಾರ್ಥನೆ ಬೇಡ್ವಾ?”

“ಪಾಯಸಾನೂ ಬೇಡಮ್ಮ.”

“ನಲವತ್ತೈದು ವರ್ಷದಿಂದ ತಂಗಿ ಹೆಸರಲ್ಲಿ ಊಟ ಹಾಕಿಸ್ತಿದಾರೆ. ಸಂಕಟಕ್ಕೆ ಒಳಗೂ ಬರಲ್ಲ, ಪಾಪ. ಈ ಕಾಲದಲ್ಲಿ ಯಾವ ಅಣ್ಣ ಹೀಗೆ ಮಾಡ್ತಾನೆ ಹೇಳಿ?”

“ಯಾರೂ ಮಾಡಲ್ಲ ಬಿಡು.”

“ಮತ್ತೆ? ಬನ್ನಿ ಇಲ್ಲಿ, ಹತ್ತಿರದಿಂದ ಆ ಮುಖ ನೋಡಿ. ಇಪ್ಪತ್ತೂ ತುಂಬಿರಲಿಲ್ವೇನೋ. ಅಯ್ಯೋ ಅನ್ನಿಸಲ್ವಾ ನಿಮಗೆ?”

ಮುದುಕಿ ಗೋಡೆ ಹಿಡಿದು ಎದ್ದು ಬಂದಳು. ಬೆರಳುಗಳು ಸವೆದುಹೋದ ಅಂಗೈಯಿಂದ ಹಾರವನ್ನು ಪಕ್ಕಕ್ಕೆ ಸರಿಸಿ, ಫೋಟೊವನ್ನು ಬಹಳ ಹೊತ್ತು ನೋಡಿದಳು. ಹಿಂದೆ ಪಾಯಸ ಆರುತ್ತಿತ್ತು.

“ಈ ಸೀರೆ ನಮ್ಮತ್ತಿಗೇದು,” ಎಂದಳು. “ಫೋಟೊ ತೆಗೆಸ್ಕೊಂಡು ಮನೆಗೆ ಬಂದಿದ್ದೇ ತಡ, ನನ್ನ ಮೈಮೇಲಿಂದ ಬಿಚ್ಚಿಸ್ಕೊಂಡ್ರು.”