ಗುಡ್ಡ ಏರಿದ ಟಾಯರು

“ಇವೇನು ಸಾದಾ ಟಾಯರ ತಿಳದೀರಿ ಶೇಠ? ಹೋದ ಆಷಾಢದ ಮಳ್ಯಾಗ ಗಡಹಿಂಗ್ಲಜದ ಆಚಿ ಗುಡ್ಡ ಏರ್ಯಾವ! ನಾಕು ಮಂದಿ ದೋಸ್ತರು ಕುಂತಿದ್ವಿ, ಒಂದು ಗೇಣೂ ಜಾರಲಿಲ್ಲ. ಇದ ನಮೂನಿ ಕೊಡ್ರಿ,” ಎಂದು ಕಾಕಾಸಾಹೇಬ ಕೊಲ್ಹಾಪುರದ ಟಾಯರ್ ಅಂಗಡಿಯಲ್ಲಿ ತನ್ನ ಜೀಪಿನ ಹಳೆಯ ಟಾಯರುಗಳನ್ನು ಹೊಗಳುತ್ತಿದ್ದ.

ಕಳಚಿಟ್ಟ ಒಂದು ಟಾಯರನ್ನು ಸವರುತ್ತಿದ್ದ ಹೆಂಡತಿ ರತ್ನಮಾಲಾಳ ಕೈ ನಿಂತಿತು. ಅದೇ ಆಷಾಢದಲ್ಲಿ, ಅದೇ ಗುಡ್ಡದ ಮೇಲಿನ ಊರಲ್ಲಿ, ಅವಳ ತಾಯಿ ಮಗಳ ದಾರಿ ನೋಡುತ್ತಲೇ ಪ್ರಾಣ ಬಿಟ್ಟಿದ್ದಳು. ಆ ಕೆಸರಿನಲ್ಲಿ ಜೀಪು ಏರುವುದಿಲ್ಲವೆಂದು ಗಂಡ ಹೇಳಿದ್ದ. ಅವಳು ನಂಬಿದ್ದಳು.

ಟಾಯರಿನ ಸಂದಿಯಲ್ಲಿ ಕೆಂಪು ಕಲ್ಲಿನ ಚೂರೊಂದು ಸಿಕ್ಕಿಕೊಂಡಿತ್ತು. ಅವರಿದ್ದ ಊರು ಶಿರೋಳದ ಕಪ್ಪು ಮಣ್ಣಿನಲ್ಲಿ ಅಂಥದು ಸಿಗುವುದಿಲ್ಲ. ಅದನ್ನು ಉಗುರಿನಿಂದ ಕಿತ್ತು ಅವನ ಅಂಗೈಯಲ್ಲಿಟ್ಟಳು.

“ಇದೇನ?” ಎಂದು ಅವನು ನಕ್ಕ.

“ನಮ್ಮವ್ವನ ಊರಿನ ಕಲ್ಲ್ರೀ.”